ಬ್ರಹ್ಮಕಲಶಕ್ಕೆ ದಾರಿ ತೋರಿಸುವ ಬೋರ್ಡ್‌ಗಳು: ಎಲ್ಲಿ ನೆಡುವುದು, ಹೇಗೆ ಬರೆಯುವುದು?

ನೀರ್ಚಾಲು ಟೀಚರ್ (ಭಾನುವಾರ ರಾತ್ರಿ)

ಎಲ್ಲರಿಗೂ ನಮಸ್ಕಾರ. ಕೇರಳದ ಕಾಸರಗೋಡು ಜಿಲ್ಲೆಯ ನಮ್ಮ ಊರಿನ ದೇವಸ್ಥಾನದಲ್ಲಿ ಬರುವ ತಿಂಗಳು ಬ್ರಹ್ಮಕಲಶೋತ್ಸವ, ಅಂದರೆ ದೇವರಿಗೆ ಕಲಶಾಭಿಷೇಕ ಮಾಡುವ ದೊಡ್ಡ ಉತ್ಸವ. ಐದು ದಿನದ ಕಾರ್ಯಕ್ರಮ. ಜನರಿಗೆ ದಾರಿ ತೋರಿಸುವ ಬೋರ್ಡ್‌ಗಳ ಕೆಲಸ ನನ್ನ ಪಾಲಿಗೆ ಬಂದಿದೆ. "ಇಪ್ಪತ್ತು ಬೋರ್ಡ್ ಪ್ರಿಂಟ್ ಮಾಡಿಸಿ ಅಲ್ಲಲ್ಲಿ ಕಟ್ಟಿದರೆ ಆಯ್ತಲ್ಲ ಟೀಚರೇ" ಎಂದು ಸಮಿತಿಯಲ್ಲಿ ಹೇಳಿದರು. ಅಷ್ಟಕ್ಕೆ ಮುಗಿಯುವುದಿಲ್ಲ ಎಂದು ನನಗೆ ಕಳೆದ ವರ್ಷವೇ ಗೊತ್ತಾಗಿದೆ.

ಬೇರೆ ಊರಿನ ಒಂದು ಜಾತ್ರೆಗೆ ಅಮ್ಮನನ್ನು ಕರೆದುಕೊಂಡು ಹೋಗಿದ್ದೆ. ಅಮ್ಮನಿಗೆ 78 ವರ್ಷ. ಊಟಕ್ಕೆ ಮೊದಲು ಶೌಚಾಲಯಕ್ಕೆ ಹೋಗಿ ಬರುತ್ತೇನೆ ಎಂದರು. ಬೋರ್ಡ್ ಕಾಣುತ್ತಿತ್ತು, ಬಾಣವೂ ಇತ್ತು. ಹೋದರು. ಕಾಲು ಗಂಟೆ ಆಯಿತು, ಅರ್ಧ ಗಂಟೆ ಆಯಿತು, ಬರಲಿಲ್ಲ. ಮೈಕಿನಲ್ಲಿ ಹೇಳಿಸಿದರೆ ಚೆಂಡೆಯ ಸದ್ದಿನಲ್ಲಿ ಯಾರಿಗೂ ಕೇಳಲಿಲ್ಲ. ಕೊನೆಗೆ ಅಡುಗೆ ಕೊಟ್ಟಿಗೆಯ ಹಿಂದೆ ತೆಂಗಿನಕಾಯಿ ರಾಶಿಯ ಹತ್ತಿರ ಕೂತಿದ್ದರು. ತರಕಾರಿ ಹೆಚ್ಚುವ ಹೆಂಗಸರು ಮಜ್ಜಿಗೆ ಕೊಟ್ಟು ಕೂರಿಸಿದ್ದರು. ಅಮ್ಮ ಹೇಳಿದ್ದು ಇಷ್ಟೇ: "ಹೋಗುವಾಗ ಬೋರ್ಡ್ ಇತ್ತು ಮಗಾ. ಬರುವಾಗ ಅದು ಬೆನ್ನು ಹಾಕಿ ನಿಂತಿತ್ತು."

ನಾನು ಹೋಗಿ ನೋಡಿದೆ. ನಿಜ. ಬೋರ್ಡಿನ ಹಿಂಬದಿ ಬರೀ ಬಿಳಿ. ಚಪ್ಪರದ ನಾಲ್ಕು ಬಾಗಿಲೂ ಒಂದೇ ಥರ, ಒಂದೇ ಬಣ್ಣದ ಬಟ್ಟೆ, ಅದೇ ಬಾಳೆಗಿಡ, ಅದೇ ತೋರಣ. ಯಾವುದರಿಂದ ಹೊರಗೆ ಬಂದೆವು ಎಂದು ನೆನಪಿಡಲು ಒಂದು ಗುರುತೂ ಇರಲಿಲ್ಲ.

ಈಗ ನಮ್ಮ ಜಾಗದ ವಿವರ. ಪಡು ಬದಿಯ ಗದ್ದೆಗಳಲ್ಲಿ ವಾಹನ ನಿಲ್ಲಿಸುವುದು. ತೆಂಕು ಬದಿ ಊಟದ ಚಪ್ಪರ, ಅದರ ಹಿಂದೆ ಗುಡ್ಡದ ಬುಡದಲ್ಲಿ ಶೌಚಾಲಯ. ಬಡಗು ಬದಿ ಸಭೆ, ಯಕ್ಷಗಾನ. ಹೊರೆಕಾಣಿಕೆ (ಭಕ್ತರು ಕೊಡುವ ಅಕ್ಕಿ, ತೆಂಗಿನಕಾಯಿ, ತರಕಾರಿ) ತರುವವರು ಉಗ್ರಾಣಕ್ಕೆ ಬೇರೆ ದಾರಿಯಲ್ಲಿ ಬರಬೇಕು. ಬರುವವರಲ್ಲಿ ಕನ್ನಡ ಓದುವವರು, ಮಲಯಾಳ ಮಾತ್ರ ಓದುವವರು, ಎರಡೂ ಓದಲು ಬಾರದ ಅಜ್ಜ ಅಜ್ಜಿಯರು, ಎಲ್ಲರೂ ಇದ್ದಾರೆ. ಗೊತ್ತಿದ್ದವರು ದಯವಿಟ್ಟು ಹೇಳಿ.

ಪೆರ್ಲದ ಅಕ್ಕ

ಟೀಚರೇ, ಒಳ್ಳೆಯ ವಿಷಯ ಎತ್ತಿದಿರಿ. ಒಂದೇ ಒಂದು ಮಾತು. ಕುಡಿಯುವ ನೀರಿನ ಬೋರ್ಡ್ ಊಟದ ಚಪ್ಪರದ ಒಳಗೆ ಇಡಬೇಡಿ. ನೀರು ಬೇಕಾಗುವುದು ಬಿಸಿಲಿನಲ್ಲಿ ಗದ್ದೆ ದಾಟಿ ಬಂದವರಿಗೆ, ಮಕ್ಕಳನ್ನು ಎತ್ತಿಕೊಂಡವರಿಗೆ. ಗದ್ದೆಯ ತುದಿಯಲ್ಲೇ ಕಾಣಬೇಕು.

ಬೋರ್ಡ್ ಬರೆಯುವವ, ಕಾಸರಗೋಡು (ಸೋಮವಾರ ಬೆಳಿಗ್ಗೆ)

ನಾನು 30 ವರ್ಷದಿಂದ ಬೋರ್ಡ್ ಬರೆಯುತ್ತಿದ್ದೇನೆ. ಅಂಗಡಿ, ಶಾಲೆ, ಬಸ್ಸು, ದೇವಸ್ಥಾನ, ಮಸೀದಿ ಎಲ್ಲ ಬರೆದಿದ್ದೇನೆ. ಟೀಚರ್ ಕೇಳಿದ್ದಕ್ಕೆ ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ.

ಮೊದಲು ಅಕ್ಷರದ ಗಾತ್ರ. ನಮ್ಮ ಕೈಲೆಕ್ಕ ಹತ್ತು ಅಡಿಗೆ ಒಂದು ಇಂಚು. 50 ಅಡಿ ದೂರದಿಂದ ಸಲೀಸಾಗಿ ಓದಬೇಕಾದರೆ ಅಕ್ಷರ 5 ಇಂಚು ಇರಬೇಕು. ಕಣ್ಣು ಚುರುಕಿದ್ದವರು ಇದರ ಅರ್ಧ ಗಾತ್ರವನ್ನೂ ಓದುತ್ತಾರೆ. ಆದರೆ ನಿಮ್ಮ ಬೋರ್ಡ್ ಅಮ್ಮನಂಥವರಿಗೆ ತಾನೇ. ಕನ್ನಡದಲ್ಲಿ ಈ 5 ಇಂಚನ್ನು ತಲೆಕಟ್ಟಿನಿಂದ ಅಕ್ಷರದ ಬುಡದವರೆಗೆ ಅಳೆಯಬೇಕು, ಒತ್ತು ಸೇರಿಸಿ ಅಳೆಯಬಾರದು. "ಆಸ್ಪತ್ರೆ" ಎಂದು ಬರೆದು ನೋಡಿ. ಕೆಳಗೆ ಎರಡು ಒತ್ತು ಇಳಿಯುತ್ತದೆ. ಕಂಪ್ಯೂಟರಿನಲ್ಲಿ ಮಾಡುವವರು ಬೋರ್ಡಿನ ಅಳತೆಗೆ ಹೊಂದಿಸಲು ಇಡೀ ಪದವನ್ನು ಅದುಮುತ್ತಾರೆ. ಆಗ ಒತ್ತುಗಳೆಲ್ಲ ಸೇರಿ ಕಪ್ಪು ಚುಕ್ಕೆಯ ಹಾಗೆ ಆಗುತ್ತವೆ. ಎರಡು ಸಾಲು ಇದ್ದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ತಲೆಕಟ್ಟಿಗೆ ತಾಗುತ್ತದೆ. ಸಾಲಿನ ನಡುವೆ ಧಾರಾಳ ಜಾಗ ಬಿಡಿ. ನೆರಳು, ಬಂಗಾರದ ಅಂಚು, ಬಳ್ಳಿ ಎಲ್ಲ ಸ್ವಾಗತ ಕಮಾನಿಗೆ ಇರಲಿ. ದಾರಿ ಬೋರ್ಡಿಗೆ ದಪ್ಪ, ಸರಳ ಅಕ್ಷರ ಸಾಕು.

ಎರಡನೆಯದು ಎತ್ತರ. ಎದೆಮಟ್ಟಕ್ಕೆ ಕಟ್ಟಿದ ಬೋರ್ಡ್ ಬೆಳಿಗ್ಗೆ ಎಂಟಕ್ಕೆ ಚೆನ್ನಾಗಿ ಕಾಣುತ್ತದೆ. ಹನ್ನೆರಡು ಗಂಟೆಗೆ ಜನ ತುಂಬಿದ ಮೇಲೆ ಬೋರ್ಡೇ ಇಲ್ಲದ ಹಾಗೆ. ಕೆಳಗಿನ ಅಂಚು ನೆಲದಿಂದ ಕನಿಷ್ಠ 7 ಅಡಿ ಮೇಲಿರಲಿ. ಅಡಕೆ ಮರದ ಕಂಬ ಇದ್ದೇ ಇದೆ, ನೆಡುವುದು ಸುಲಭ. ಇಷ್ಟು ಎತ್ತರ ಇದ್ದರೆ ತಲೆಗೂ ಕೊಡೆಗೂ ತಾಗುವುದಿಲ್ಲ.

ಬಣ್ಣದ ವಿಷಯದಲ್ಲಿ ಸಮಿತಿಯವರ ಜೊತೆ ನಾನು ಪ್ರತಿ ಸಲ ಚರ್ಚೆ ಮಾಡಬೇಕಾಗುತ್ತದೆ. ಅವರಿಗೆ ಕೇಸರಿ ಮೇಲೆ ಕೆಂಪು ಅಕ್ಷರ ಬೇಕು. ಹತ್ತಿರದಿಂದ ಚಂದ, ದೂರದಿಂದ ಎರಡೂ ಒಂದೇ ಬಣ್ಣ. ಹಳದಿ ಮೇಲೆ ಕಪ್ಪು, ಇಲ್ಲದಿದ್ದರೆ ಕಡು ನೀಲಿ ಮೇಲೆ ಬಿಳಿ. ಇದರಲ್ಲಿ ಒಂದನ್ನು ಆರಿಸಿ, ಐದು ದಿನವೂ ಎಲ್ಲ ದಾರಿ ಬೋರ್ಡಿಗೂ ಅದೇ ಇರಲಿ. ಶುಭಾಶಯದ ಬ್ಯಾನರ್‌ಗಳು ಬೇರೆ ಬಣ್ಣದಲ್ಲಿರಲಿ. ಮೂರು ಬೋರ್ಡ್ ನೋಡಿದ ಮೇಲೆ ಕಣ್ಣು ತಾನಾಗಿ ಹಳದಿಯನ್ನೇ ಹುಡುಕುತ್ತದೆ. ಹೊಳೆಯುವ ಪೇಂಟ್ ಬೇಡ, ಮ್ಯಾಟ್ ಬಳಸಿ. ಹೊಳಪಿನದ್ದಾದರೆ ಸಂಜೆ ಪಡುವಣ ಬಿಸಿಲು ಬಿದ್ದಾಗ ಅಕ್ಷರ ಕಾಣದೆ ಬರೀ ಬೆಳಕು ಕಾಣುತ್ತದೆ.

ಪಿವಿಸಿ ಫ್ಲೆಕ್ಸ್‌ಗೆ ಕೇರಳದಲ್ಲಿ 2019ರಿಂದಲೇ ನಿಷೇಧ ಇದೆ, ಅದು ನಿಮಗೆ ಗೊತ್ತಿರಬಹುದು. ಪ್ಲೈವುಡ್‌ಗೆ ಪ್ರೈಮರ್ ಹೊಡೆದು ಬರೆದರೆ ಮುಂದಿನ ಜಾತ್ರೆಗೂ ಬರುತ್ತದೆ.

ಕೊನೆಗೆ ಬಾಣ. ಎಡಕ್ಕೆ ಹೋಗಬೇಕಾದರೆ ಬಾಣ ಬೋರ್ಡಿನ ಎಡ ತುದಿಯಲ್ಲಿ, ಬಲಕ್ಕಾದರೆ ಬಲ ತುದಿಯಲ್ಲಿ. ನೇರಕ್ಕೆ ಮೇಲ್ಮುಖ ಬಾಣ. ಕೆಳಮುಖ ಬಾಣ ಹಾಕಬೇಡಿ, ಅದನ್ನು ಕೆಲವರು "ಇಲ್ಲೇ" ಎಂದು ತಿಳಿಯುತ್ತಾರೆ, ಕೆಲವರು "ಹಿಂದಕ್ಕೆ" ಎಂದು ತಿಳಿಯುತ್ತಾರೆ.

ನೀರ್ಚಾಲು ಟೀಚರ್

ಅಣ್ಣಾ, ತುಂಬಾ ಉಪಕಾರ ಆಯಿತು. ಇಷ್ಟು ವಿವರ ಯಾರೂ ಹೇಳಿರಲಿಲ್ಲ. ಹಳದಿ ಮೇಲೆ ಕಪ್ಪು ಎಂದು ಸಮಿತಿಗೆ ಇವತ್ತೇ ಹೇಳುತ್ತೇನೆ. ಎರಡೂ ಬದಿ ಬರೆಯಲು ಖರ್ಚು ಎಷ್ಟು ಜಾಸ್ತಿ ಆಗಬಹುದು?

ಬೋರ್ಡ್ ಬರೆಯುವವ, ಕಾಸರಗೋಡು

ಹಲಗೆ ಒಂದೇ, ಕಂಬ ಒಂದೇ. ಪೇಂಟ್ ಮತ್ತು ಕೂಲಿ ಮಾತ್ರ ಜಾಸ್ತಿ. ದೇವಸ್ಥಾನದ ಕೆಲಸ, ಕೂಲಿ ವಿಷಯ ಆಮೇಲೆ ಮಾತಾಡುವ. ಹಿಂಬದಿಯಲ್ಲಿ ಏನು ಬರೆಯಬೇಕು ಎಂದು ಮೊದಲು ತೀರ್ಮಾನ ಮಾಡಿ.

ಮುಳ್ಳೇರಿಯದವ, ಈಗ ಬೆಂಗಳೂರು

ನಾನು ಡಿಸೈನ್ ಕೆಲಸದಲ್ಲಿದ್ದೇನೆ. ಅಣ್ಣ ಹೇಳಿದ ಹಳದಿ-ಕಪ್ಪು ಸರಿಯಾದ ಆಯ್ಕೆ. ಆಮ್ಸ್ಟರ್‌ಡ್ಯಾಮಿನ ಸ್ಕಿಪೋಲ್ ವಿಮಾನ ನಿಲ್ದಾಣದಲ್ಲಿ 1967ರಲ್ಲಿ ಹಳದಿ ದಾರಿ ಬೋರ್ಡ್ ತಂದರು, ಇವತ್ತಿಗೂ ಆ ನಿಲ್ದಾಣದ ಗುರುತೇ ಹಳದಿ.

ಓದಲು ಬಾರದವರ ಬಗ್ಗೆ ಟೀಚರ್ ಬರೆದದ್ದಕ್ಕೆ ಒಂದು ಉದಾಹರಣೆ ಹೇಳುತ್ತೇನೆ. ಮೆಕ್ಸಿಕೊ ನಗರದ ಮೆಟ್ರೊ 1969ರಲ್ಲಿ ಶುರುವಾಯಿತು. ಆಗ ಅಲ್ಲಿ ಓದು ಬಾರದ ಪ್ರಯಾಣಿಕರು ತುಂಬಾ ಇದ್ದರು. ಲ್ಯಾನ್ಸ್ ವೈಮನ್ ಎಂಬ ವಿನ್ಯಾಸಕಾರ ಪ್ರತಿ ಸ್ಟೇಷನ್ನಿಗೆ ಒಂದೊಂದು ಚಿತ್ರ ಮಾಡಿಕೊಟ್ಟರು. ಚಪುಲ್ಟೆಪೆಕ್ ಎಂಬ ಸ್ಟೇಷನ್ನಿಗೆ ಮಿಡತೆ, ಏಕೆಂದರೆ ಆ ಹೆಸರಿನ ಅರ್ಥವೇ ಮಿಡತೆ ಗುಡ್ಡ. ಓದಲು ಬಾರದವರೂ "ಮಿಡತೆ ಬಂದಾಗ ಇಳಿ" ಎಂದು ಮಕ್ಕಳಿಗೆ ಹೇಳಬಹುದು.

ಟೀಚರೇ, ನಿಮ್ಮ ವಾಹನದ ಗದ್ದೆಗಳಿಗೆ ಇದನ್ನೇ ಮಾಡಿ. ಪಿ1, ಪಿ2 ಎಂದು ಬರೆದರೆ ಯಾರಿಗೂ ನೆನಪು ಉಳಿಯುವುದಿಲ್ಲ. ಒಂದು ಗದ್ದೆಗೆ ನವಿಲು, ಒಂದಕ್ಕೆ ಮೀನು, ಒಂದಕ್ಕೆ ಹಲಸಿನ ಹಣ್ಣು. ರಾತ್ರಿ ಯಕ್ಷಗಾನ ಬಿಟ್ಟ ಮೇಲೆ ನಿದ್ದೆಗಣ್ಣಿನಲ್ಲಿ ಬರುವ ಮಗುವಿಗೂ "ನಮ್ಮ ಕಾರು ಹಲಸಿನ ಗದ್ದೆಯಲ್ಲಿದೆ" ಎಂದು ನೆನಪಿರುತ್ತದೆ. ಚಪ್ಪರದ ಬಾಗಿಲುಗಳಿಗೂ ಹೀಗೇ ಒಂದೊಂದು ಗುರುತು ಕೊಟ್ಟರೆ ನಿಮ್ಮ ಅಮ್ಮನಿಗೆ ಆದ ಹಾಗೆ ಆಗುವುದಿಲ್ಲ.

ಹಳೆ ಮಾಷ್ಟ್ರು, ಮಂಜೇಶ್ವರ

ಚಿತ್ರದ ವಿಚಾರ ಒಪ್ಪಿದೆ. ಭಾಷೆಯ ವಿಚಾರ ನಾನು ಹೇಳಬೇಕು. ಕನ್ನಡ ಮೇಲಿರಲಿ, ಮಲಯಾಳ ಕೆಳಗಿರಲಿ. 1956ರಲ್ಲಿ ನಮ್ಮ ಕಾಸರಗೋಡು ಕೇರಳಕ್ಕೆ ಸೇರಿದ ಮೇಲೆ ಕನ್ನಡ ಬೋರ್ಡ್ ಒಂದೊಂದೇ ಮಾಯ ಆಗುವುದನ್ನು ನೋಡಿಕೊಂಡೇ ಬೆಳೆದವರು ನಾವು. ಭಾಷಾ ಅಲ್ಪಸಂಖ್ಯಾತರು ಸರ್ಕಾರಕ್ಕೆ ಕನ್ನಡದಲ್ಲಿ ಬರೆಯಬಹುದು ಎಂದು ಕೇರಳದ 1969ರ ಅಧಿಕೃತ ಭಾಷಾ ಕಾಯ್ದೆಯಲ್ಲೇ ಇದೆ. ಹಾಗಿರುವಾಗ ನಮ್ಮದೇ ದೇವಸ್ಥಾನದಲ್ಲಿ ನಾವೇ ಹಿಂದೆ ಸರಿಯಬಾರದು.

ಇನ್ನೊಂದು ಮುಖ್ಯ ಮಾತು. ಕನ್ನಡ ಹಾಕಿದರೆ ಸಾಲದು, ಅದು ಕನ್ನಡವಾಗಿಯೂ ಇರಬೇಕು. ಒಂದು ಕಚೇರಿಯಲ್ಲಿ ವಿಚಾರಣೆ ಕೌಂಟರಿನ ಮೇಲೆ "ಅನ್ವೇಷಣೆ" ಎಂದು ಬರೆದಿತ್ತು. ಮಲಯಾಳದಲ್ಲಿ ಅನ್ವೇಷಣಂ ಎಂದರೆ ವಿಚಾರಿಸುವುದು. ಹಾಗೇ ಎತ್ತಿ ಕನ್ನಡ ಅಕ್ಷರದಲ್ಲಿ ಇಟ್ಟಿದ್ದರು. ಪಕ್ಕದಲ್ಲಿ "ಅಪೇಕ್ಷೆ ಇಲ್ಲಿ ಕೊಡಿ". ಮಲಯಾಳದಲ್ಲಿ ಅಪೇಕ್ಷ ಎಂದರೆ ಅರ್ಜಿ. ನನ್ನ ಜೊತೆ ಪಿಂಚಣಿ ಅರ್ಜಿ ಹಿಡಿದು ಬಂದಿದ್ದ ಹೆಂಗಸು ಆ ಎರಡು ಬೋರ್ಡ್‌ಗಳ ಎದುರು ಕಾಗದ ಹಿಡಿದುಕೊಂಡು ತುಂಬಾ ಹೊತ್ತು ನಿಂತಿದ್ದರು. ಅವರಿಗೆ ಕನ್ನಡ ಓದಲು ಚೆನ್ನಾಗಿ ಬರುತ್ತಿತ್ತು. ಆದರೂ ಎಲ್ಲಿ ಕೊಡಬೇಕು ಎಂದು ಗೊತ್ತಾಗಲಿಲ್ಲ. ನನಗೆ ಅದು ಇವತ್ತಿಗೂ ನೋವಿನ ಸಂಗತಿ.

ನೀರ್ಚಾಲು ಟೀಚರ್

ಮಾಷ್ಟ್ರೇ, ನೀವು ಹೇಳಿದ್ದು ಮನಸ್ಸಿಗೆ ನಾಟಿತು. ನಾವು "ಭೋಜನ ಶಾಲೆ" ಎಂದು ಬರೆಯಬೇಕೆಂದಿದ್ದೆವು. ಈಗ "ಊಟ" ಎಂದಷ್ಟೇ ಬರೆಸುತ್ತೇನೆ. ಮಲಯಾಳದಲ್ಲಿ "ಊಣ್". ಎರಡೂ ಚಿಕ್ಕ ಪದ, ಅಕ್ಷರ ದೊಡ್ಡದು ಮಾಡಬಹುದು. "ನೀರು", "ವೆಳ್ಳಂ". "ಚಪ್ಪಲಿ", "ಚೆರಿಪ್ಪ್". "ಡಾಕ್ಟರ್" ಎರಡಕ್ಕೂ ಒಂದೇ. "ನಿರ್ಗಮನ" ಬೇಡ, "ಹೊರಗೆ ಹೋಗುವ ದಾರಿ" ಇರಲಿ.

ಕನ್ನಡ ಮೇಲೆ ಇರಲಿ, ಒಪ್ಪುತ್ತೇನೆ. ಆದರೆ ಗಾತ್ರ ಎರಡಕ್ಕೂ ಒಂದೇ ಇರಬೇಕು ಎಂದು ನನ್ನ ಗಟ್ಟಿ ಅಭಿಪ್ರಾಯ. ಮಲಯಾಳ ಮಾತ್ರ ಓದುವ ಅಜ್ಜಿಯೂ ಶೌಚಾಲಯ ಹುಡುಕುವಾಗ ನನ್ನ ಅಮ್ಮನ ಹಾಗೇ ಅಲ್ವಾ. ನಮ್ಮ ಭಾಷೆಯನ್ನು ಚಿಕ್ಕದಾಗಿ ಬರೆದಾಗ ನಮಗೆ ಆಗುವ ಸಂಕಟ ಅವರಿಗೆ ಆಗುವುದು ಬೇಡ.

ಹಳೆ ಮಾಷ್ಟ್ರು, ಮಂಜೇಶ್ವರ

ಆಯ್ತು ಟೀಚರೇ. ಗಾತ್ರ ಸಮಾನ ಇರಲಿ.

ಕುಂಬಳೆ ಪೇಟೆ (ಮಂಗಳವಾರ)

ನೀವೆಲ್ಲ ದೇವಸ್ಥಾನದ ಅಂಗಳದಿಂದ ಶುರು ಮಾಡಿದ್ದೀರಿ. ಬರುವವರ ತೊಂದರೆ ಹೈವೇಯಲ್ಲೇ ಶುರುವಾಗುತ್ತದೆ. ರಾಷ್ಟ್ರೀಯ ಹೆದ್ದಾರಿ 66 ಆರು ಪಥ ಆದ ಮೇಲೆ ಮೊದಲಿನ ಹಾಗೆ ಬಸ್ ಇಳಿದು ರಸ್ತೆ ದಾಟುವಂತಿಲ್ಲ. ಮಂಗಳೂರು ಕಡೆಯಿಂದ ಬಂದವರು ಸರ್ವಿಸ್ ರೋಡಿನಲ್ಲಿ ಇಳಿಯುತ್ತಾರೆ. ಬದಿಯಡ್ಕ ಕಡೆ ಹೋಗಲು ಅಂಡರ್‌ಪಾಸ್ ಹುಡುಕಬೇಕು. ಅದು ಮುಂದೆ ಇದೆಯಾ ಹಿಂದೆ ಇದೆಯಾ ಎಂದು ಅವರಿಗೆ ಗೊತ್ತಿಲ್ಲ. ಎರಡು ಕಡೆಯೂ ಅದೇ ಕಾಂಕ್ರೀಟ್ ಗೋಡೆ. ಗೋಡೆ ಇರುವಾಗ ಆಚೆ ಬದಿಯ ಅಂಗಡಿ, ಮರ, ಮಸೀದಿಯ ಮಿನಾರ ಯಾವುದೂ ಕಾಣುವುದಿಲ್ಲ. ಮೊದಲು ಅವುಗಳನ್ನೇ ನೋಡಿ ದಾರಿ ಹಿಡಿಯುತ್ತಿದ್ದೆವು.

ನನ್ನ ಅಂಗಡಿ ಎದುರು ದಿನಾ ನೋಡುತ್ತೇನೆ. ಬ್ಯಾಗ್ ಹಿಡಿದವರು ಇಳಿಯುತ್ತಾರೆ, ಬಡಗು ನೋಡುತ್ತಾರೆ, ತೆಂಕು ನೋಡುತ್ತಾರೆ, ಆಮೇಲೆ ಒಂದು ಕಡೆ ಹೊರಡುತ್ತಾರೆ. ಸ್ವಲ್ಪ ಹೊತ್ತಿನಲ್ಲಿ ಅದೇ ಜನ ಬೆವರು ಒರೆಸಿಕೊಂಡು ವಾಪಸ್ ಬರುತ್ತಾರೆ. ಮಧ್ಯಾಹ್ನದ ಬಿಸಿಲಿನಲ್ಲಿ ವಯಸ್ಸಾದವರಿಗೆ ಇದು ಸಣ್ಣ ಕಷ್ಟ ಅಲ್ಲ. "ದಾಟುವ ದಾರಿ, 200 ಮೀಟರ್" ಎಂದು ಬಾಣ ಹಾಕಿದ ಒಂದು ಹಲಗೆ ಇದ್ದರೆ ಸಾಕಿತ್ತು.

ಹೈವೇ ಜಾಗದಲ್ಲಿ ಅನುಮತಿ ಇಲ್ಲದೆ ನಾವೇ ನೆಡುವ ಹಾಗಿಲ್ಲ. ಆದರೆ ನನ್ನ ಅಂಗಡಿ ಗೋಡೆ ನನ್ನದು. ಒಂದು ಬೋರ್ಡ್ ಕೊಡಿ, ನಾನು ಕಟ್ಟುತ್ತೇನೆ. ಅಂಡರ್‌ಪಾಸಿನ ಬಾಯಿಯಲ್ಲಿ ಆ ಐದು ದಿನ ಒಬ್ಬ ಸ್ವಯಂಸೇವಕ ನಿಲ್ಲಲಿ.

ಮುಳ್ಳೇರಿಯದವ, ಈಗ ಬೆಂಗಳೂರು

ದೂರ ಬರೆಯಬೇಕು ಎಂದದ್ದು ಸರಿ. ಮೀಟರಿನ ಜೊತೆ ನಿಮಿಷವನ್ನೂ ಬರೆಯಿರಿ. ಸಾಧಾರಣ ನಡಿಗೆಯಲ್ಲಿ ಐದು ನಿಮಿಷಕ್ಕೆ ಸುಮಾರು 400 ಮೀಟರ್ ಹೋಗಬಹುದು, ವಯಸ್ಸಾದವರಿಗೆ ಇನ್ನೂ ಸ್ವಲ್ಪ ಜಾಸ್ತಿ ಹೊತ್ತು ಇಡಿ. "ಊಟ, 3 ನಿಮಿಷ" ಎಂದಿದ್ದರೆ ಹೋಗಬೇಕಾ, ಸ್ವಲ್ಪ ಕೂರಬೇಕಾ ಎಂದು ಅಜ್ಜಂದಿರು ತಾವೇ ತೀರ್ಮಾನ ಮಾಡುತ್ತಾರೆ.

ಪ್ರವೇಶದಲ್ಲಿ ನಕ್ಷೆ ಹಾಕುವುದಾದರೆ ಬಡಗನ್ನು ಮೇಲೆ ಇಡಬೇಕು ಎಂದೇನಿಲ್ಲ. ಲಂಡನ್ನಿನಲ್ಲಿ 2007ರಿಂದ ನಡೆಯುವವರಿಗಾಗಿ ಹಾಕಿದ ನಕ್ಷೆಗಳಲ್ಲಿ, ನಿಂತವರ ಮುಖ ಯಾವ ಕಡೆ ಇದೆಯೋ ಅದೇ ನಕ್ಷೆಯ ಮೇಲ್ಭಾಗ. ನೋಡುವವರ ಎಡಗೈ ಕಡೆ ಇರುವುದು ನಕ್ಷೆಯಲ್ಲೂ ಎಡಕ್ಕೆ. ತಲೆಯೊಳಗೆ ತಿರುಗಿಸುವ ಕೆಲಸ ಇಲ್ಲ.

ಪೆರ್ಲದ ಅಕ್ಕ

ನಮ್ಮ ಕಡೆ ಎಡ ಬಲ ಯಾರು ಹೇಳುತ್ತಾರೆ? "ಕೆರೆಯಿಂದ ತೆಂಕು" ಎಂದರೆ ಅಮ್ಮಂದಿರಿಗೆ ಕೂಡಲೇ ತಿಳಿಯುತ್ತದೆ. ಬಾಣದ ಜೊತೆ ಅದನ್ನೂ ಬರೆದರೆ?

ನೀರ್ಚಾಲು ಟೀಚರ್

ಅಕ್ಕಾ, ಊರವರಿಗೆ ಅದು ಸರಿ. ಪರವೂರಿನವರಿಗೆ ಚಪ್ಪರದ ಒಳಗೆ ತೆಂಕು ಯಾವುದು ಬಡಗು ಯಾವುದು ಎಂದು ತಿಳಿಯುವುದಿಲ್ಲ. ಬಾಯಿಯಲ್ಲಿ ದಾರಿ ಹೇಳುವ ಸ್ವಯಂಸೇವಕರಿಗೆ ನಿಮ್ಮ ಸಲಹೆ ಹೇಳುತ್ತೇನೆ. ಬೋರ್ಡಿನಲ್ಲಿ ಬಾಣ ಮಾತ್ರ ಇರಲಿ.

ಉದುಮದಿಂದ

ನನ್ನ ಅಣ್ಣನಿಗೆ ಕಣ್ಣು ಕಾಣುವುದಿಲ್ಲ. ಇಲ್ಲಿ ಎಲ್ಲರೂ ನೋಡುವವರ ಬಗ್ಗೆಯೇ ಬರೆದಿದ್ದೀರಿ, ಅದಕ್ಕೆ ಇದನ್ನು ಹೇಳುತ್ತಿದ್ದೇನೆ. ರೈಲ್ವೆ ಪ್ಲಾಟ್‌ಫಾರಂನಲ್ಲಿ ಹಳದಿ ಉಬ್ಬು ಟೈಲ್ಸ್ ಇರುತ್ತದಲ್ಲ, ಅದನ್ನು ಜಪಾನಿನ ಸೆಯಿಚಿ ಮಿಯಾಕೆ ಎಂಬವರು ಮಾಡಿದ್ದು, 1967ರಲ್ಲಿ ಒಕಾಯಾಮ ಎಂಬ ಊರಿನಲ್ಲಿ ಮೊದಲು ಹಾಕಿದ್ದು. ಉದ್ದ ಗೆರೆ ಇದ್ದರೆ ಮುಂದೆ ನಡೆ, ದುಂಡು ಬೊಟ್ಟು ಇದ್ದರೆ ನಿಲ್ಲು. ಅಣ್ಣ ಕಾಲಿನಲ್ಲಿ ಓದುತ್ತಾನೆ. ಅದರ ಮೇಲೆ ಜನ ಸಾಮಾನು ಇಟ್ಟರೆ ಅವನಿಗೆ ದಾರಿ ಮುಚ್ಚಿದ ಹಾಗೆ.

ಗದ್ದೆಯಲ್ಲಿ ಟೈಲ್ಸ್ ಹಾಕಲು ಆಗುವುದಿಲ್ಲ, ಗೊತ್ತು. ಆದರೆ ಗದ್ದೆಯಿಂದ ಚಪ್ಪರದವರೆಗೆ ಒಂದು ಬದಿಗೆ ಸೊಂಟದ ಎತ್ತರಕ್ಕೆ ದಪ್ಪ ಹಗ್ಗ ಕಟ್ಟಬಹುದು. ತಿರುಗುವಲ್ಲಿ ಒಂದು ಗಂಟು ಇರಲಿ. ಬೋರ್ಡಿನ ಕಂಬವನ್ನು ನಡೆಯುವ ದಾರಿಯ ಮಧ್ಯೆ ನೆಡಬೇಡಿ. ಕಣ್ಣು ಕಾಣುವವರಿಗೆ ದಾರಿ ತೋರಿಸುವ ಕಂಬಕ್ಕೆ ಅಣ್ಣನ ಹಣೆ ಒಂದು ಸಲ ಬಡಿದಿದೆ.

ನೀರ್ಚಾಲು ಟೀಚರ್

ಹಗ್ಗ ಖಂಡಿತ ಕಟ್ಟುತ್ತೇವೆ. ಅಣ್ಣನನ್ನು ಕರೆದುಕೊಂಡು ಬನ್ನಿ, ಮೊದಲು ಅವರೇ ನಡೆದು ನೋಡಿ ಹೇಳಲಿ.

ನೀರ್ಚಾಲು ಟೀಚರ್ (ಮುಂದಿನ ಭಾನುವಾರ)

ಇವತ್ತು ಪರೀಕ್ಷೆ ಮಾಡಿದೆವು. ಪೇಂಟ್ ಮಾಡುವ ಮೊದಲು ಹಳದಿ ಚಾರ್ಟ್ ಪೇಪರಿನಲ್ಲಿ ಬರೆದು ಅಡಕೆ ಕಂಬಗಳಿಗೆ ಕಟ್ಟಿದೆವು. ಊರು ಗೊತ್ತಿಲ್ಲದ ನಾಲ್ಕು ಜನರನ್ನು ಕರೆಸಿದ್ದೆ. ತಂಗಿಯ ಮಗನ ಇಬ್ಬರು ಗೆಳೆಯರು, ಅವರಿಗೆ ಮಲಯಾಳ ಮಾತ್ರ ಓದಲು ಬರುತ್ತದೆ. ಉದುಮದ ಅಣ್ಣ. ಮತ್ತೆ ನನ್ನ ಅಮ್ಮ. ಯಾರಿಗೂ ಏನೂ ಹೇಳಬಾರದು, ಬಾಯಿ ಮುಚ್ಚಿಕೊಂಡು ಹಿಂದೆ ನಡೆಯಬೇಕು, ಅವರು ಎಲ್ಲಿ ನಿಲ್ಲುತ್ತಾರೋ ಅಲ್ಲಿ ನೆಲದಲ್ಲಿ ಸುಣ್ಣದ ಗುರುತು ಹಾಕಬೇಕು. ಇಷ್ಟೇ ನಮ್ಮ ನಿಯಮ.

ಸುಣ್ಣದ ಗುರುತು ಬಿದ್ದ ಜಾಗ ನೋಡಿ ನನಗೆ ಆಶ್ಚರ್ಯ ಆಯಿತು. ನಾವು ಮೂರು ಬೋರ್ಡ್ ಕಟ್ಟಿದ್ದ ನೇರ ದಾರಿಯಲ್ಲಿ ಒಂದು ಗುರುತೂ ಇಲ್ಲ. ಅಲ್ಲಿ ಬೋರ್ಡೇ ಬೇಕಿರಲಿಲ್ಲ. ಅಶ್ವತ್ಥ ಕಟ್ಟೆಯ ಹತ್ತಿರ ಕಣ್ಣು ಕಾಣುವ ಮೂರೂ ಜನ ನಿಂತರು. ಕಟ್ಟೆಯ ಎರಡು ಬದಿಯಿಂದಲೂ ಹಾದಿ ಹೋಗುತ್ತದೆ. ಎರಡೂ ಮುಂದೆ ಒಂದೇ ಕಡೆ ಸೇರುತ್ತದೆ ಎಂದು ನಮಗೆ ಗೊತ್ತು, ಅದಕ್ಕೇ ನಾವು ಅಲ್ಲಿ ಏನೂ ಹಾಕಿರಲಿಲ್ಲ. ಅವರಿಗೆ ಗೊತ್ತಿಲ್ಲವಲ್ಲ. ಅಮ್ಮ ಕಟ್ಟೆಗೆ ಕೈ ಇಟ್ಟು, ಒಂದು ಹೆಜ್ಜೆ ಎಡಕ್ಕೆ ಇಟ್ಟು, ಮತ್ತೆ ಹಿಂದೆ ತೆಗೆದರು. ಆ ಒಂದು ಹೆಜ್ಜೆ ನೋಡಿ ನನಗೆ ಎಲ್ಲ ಅರ್ಥವಾಯಿತು.

ಉದುಮದ ಅಣ್ಣ ಹಗ್ಗ ಹಿಡಿದು ಚಪ್ಪರದವರೆಗೆ ಸಲೀಸಾಗಿ ಬಂದರು. ಗಂಟು ಒಂದು ಸಾಲದು, ತಿರುಗುವ ಮೊದಲೇ ಇನ್ನೊಂದು ಇದ್ದರೆ ಕಾಲು ನಿಧಾನ ಮಾಡಬಹುದು ಎಂದರು. ಇಬ್ಬರು ಹುಡುಗರು ಶೌಚಾಲಯಕ್ಕೆ ಹೋಗಿ ಬೇರೆ ಬಾಗಿಲಿನಿಂದ ಒಳಗೆ ಬಂದರು, ಆದರೆ "ನಾವು ಮೀನಿನ ಬಾಗಿಲಿನಲ್ಲಿ ಹೋದದ್ದು" ಎಂದು ತಾವೇ ಹೇಳಿ ಸರಿಯಾದ ಕಡೆಗೆ ನಡೆದರು.

ಈಗ ನೇರ ದಾರಿಯ ಮೂರು ಬೋರ್ಡ್ ತೆಗೆಯುತ್ತೇವೆ. ಕಟ್ಟೆಗೆ ಎರಡು, ಶೌಚಾಲಯದ ಬಾಗಿಲಿಗೆ ಹೊರಬರುವವರ ಮುಖಕ್ಕೆ ಒಂದು, ಕುಂಬಳೆಯ ಅಂಗಡಿ ಗೋಡೆಗೆ ಒಂದು. ಎಲ್ಲ ಬೋರ್ಡಿನ ಹಿಂಬದಿಯಲ್ಲಿ ಬಂದ ದಾರಿಯ ಹೆಸರು ಮತ್ತು ಬಾಣ, ಗದ್ದೆಯ ಚಿತ್ರದ ಜೊತೆ. ರಾತ್ರಿಗೆ ಪ್ರತಿ ಬೋರ್ಡಿನ ಮೇಲೆ ಒಂದು ಬಲ್ಬ್, ಬೆಳಕು ಅಕ್ಷರದ ಮೇಲೆ ಬೀಳುವ ಹಾಗೆ. ಹಿಂದೆ ಟ್ಯೂಬ್‌ಲೈಟ್ ಇದ್ದರೆ ಬರೀ ಕಪ್ಪು ಹಲಗೆ ಕಾಣುತ್ತದೆ ಎಂದು ನಿನ್ನೆ ರಾತ್ರಿ ಹೋಗಿ ನೋಡಿ ತಿಳಿಯಿತು.

ಕಾಸರಗೋಡಿನ ಅಣ್ಣಾ, ಪಟ್ಟಿ ಸಿದ್ಧವಾಗಿದೆ. ಯಾವಾಗ ಬರುತ್ತೀರಿ?

ಬೋರ್ಡ್ ಬರೆಯುವವ, ಕಾಸರಗೋಡು

ಬುಧವಾರ ಬೆಳಿಗ್ಗೆ ಮೊದಲ ಬಸ್ಸಿಗೆ ಬರುತ್ತೇನೆ. ಹಲಗೆಯ ಎರಡೂ ಬದಿಗೆ ಪ್ರೈಮರ್ ನಾಳೆಯೇ ಹೊಡೆದಿಡಿ, ಒಣಗಲಿ. ಕಟ್ಟೆಯ ಬೋರ್ಡ್ ಮೊದಲು ಬರೆಯುವ. ಅಮ್ಮ ಅಲ್ಲಿ ನಿಂತ ಜಾಗದ ಸುಣ್ಣದ ಗುರುತು ಅಳಿಸಬೇಡಿ, ಅಲ್ಲಿ ನಿಂತು ನೋಡಿಯೇ ಅಕ್ಷರದ ಅಳತೆ ತೆಗೆಯುತ್ತೇನೆ.